ಏಲಕ್ಕಿ, ಸೋಡಾ ಮತ್ತು ನಮ್ಮ ಕಣ್ಸನ್ನೆ

ಎರಡು ಬಗೆಯ ಜಾಹೀರಾತುಗಳನ್ನು ಅಕ್ಕಪಕ್ಕ ಇಟ್ಟು ನೋಡೋಣ. ಮೊದಲನೆಯದು ಅಮೆರಿಕದ್ದು. ಅರವತ್ತು ದಾಟಿದವರೊಬ್ಬರು ಮೊಮ್ಮಗಳ ಜೊತೆ ಕೆರೆಯ ದಂಡೆಯಲ್ಲಿ ಗಾಳ ಹಾಕಿ ಕೂತಿದ್ದಾರೆ. ಪಕ್ಕದಲ್ಲಿ ನಾಯಿ ಬಾಲ ಅಲ್ಲಾಡಿಸುತ್ತಿದೆ, ಎಳೆಬಿಸಿಲು ಹಿತವಾಗಿದೆ. ಹಿನ್ನೆಲೆಯಲ್ಲಿ ಒಂದು ದನಿ ತುಸು ಅವಸರದಲ್ಲಿ, ಆದರೆ ನಗುನಗುತ್ತಲೇ ಹೇಳುತ್ತದೆ: ಈ ಮಾತ್ರೆಯಿಂದ ತಲೆ ಸುತ್ತಬಹುದು, ಲಿವರ್ ಕೆಡಬಹುದು, ಅಪರೂಪಕ್ಕೆ ಸಾವೂ ಬರಬಹುದು, ನಿಮ್ಮ ಡಾಕ್ಟರನ್ನು ಕೇಳಿ. ಎರಡನೆಯದು ನಮ್ಮದು. ಹೆಸರಾಂತ ಸಿನಿಮಾ ನಟನೊಬ್ಬ ಯಾವುದೋ ಸಾಹಸ ಮುಗಿಸಿ ಬಂದು, ಪುಟ್ಟ ಡಬ್ಬಿ ತೆರೆದು, ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು ನಗುತ್ತಾನೆ. ಅದು ಏಲಕ್ಕಿ. ಬೆಳ್ಳಿಯ ರೇಕು ಹಚ್ಚಿದ ಬರೀ ಏಲಕ್ಕಿ.

ಮೊದಲನೆಯದರಲ್ಲಿ ನಿಜವನ್ನು ಹೇಳಿದ್ದಾರೆ, ಆದರೆ ಕೇಳಿಸದ ಹಾಗೆ ಹೇಳಿದ್ದಾರೆ. ಎರಡನೆಯದರಲ್ಲಿ ಒಂದಕ್ಷರವೂ ಸುಳ್ಳಿಲ್ಲ; ಡಬ್ಬಿಯೊಳಗೆ ಇರುವುದು ಏಲಕ್ಕಿಯೇ. ಆದರೆ ಅದೇ ಹೆಸರು, ಅದೇ ಬಣ್ಣ, ಅದೇ ಅಕ್ಷರಗಳು ಪಾನ್ ಅಂಗಡಿಯಲ್ಲಿ ಮಾಲೆಯಂತೆ ತೂಗುವ ಬೇರೊಂದು ಚೀಟಿನ ಮೇಲೂ ಇವೆ ಎಂದು ಆರನೇ ಕ್ಲಾಸಿನ ಹುಡುಗನಿಗೂ ಗೊತ್ತು. ನನ್ನನ್ನು ಬಹಳ ದಿನಗಳಿಂದ ಕಾಡುತ್ತಿರುವ ಪ್ರಶ್ನೆ ಇಷ್ಟೇ. ಹೇಳಿಯೂ ಕೇಳಿಸದ ನಿಜ, ಹೇಳದೆಯೂ ಎಲ್ಲರಿಗೂ ತಿಳಿಯುವ ಸುಳ್ಳು, ಇವೆರಡರಲ್ಲಿ ಯಾವುದು ಹೆಚ್ಚು ಕೆಟ್ಟದ್ದು?

ಮೊದಲ ಬಗೆಯದನ್ನು ನಾನು ನ್ಯೂಜೆರ್ಸಿಯಲ್ಲಿದ್ದ ಮೂರು ವರ್ಷ ನೋಡಿದೆ. ಎರಡನೆಯದನ್ನು ಈಗ ಅಹಮದಾಬಾದಿನಲ್ಲಿ ದಿನವೂ ನೋಡುತ್ತೇನೆ. ಈ ಪ್ರಶ್ನೆ ಕೇಳಲು ಗುಜರಾತಿಗಿಂತ ತಕ್ಕ ಜಾಗ ಸಿಗಲಾರದು. ಅಮೆರಿಕನ್ನರು ನುಂಗುವ ಎಷ್ಟೋ ಜೆನೆರಿಕ್ ಮಾತ್ರೆಗಳು ಅಹಮದಾಬಾದ್ ಮತ್ತು ವಡೋದರಾ ಸುತ್ತಲಿನ ಕಾರ್ಖಾನೆಗಳಲ್ಲಿ ತಯಾರಾಗುತ್ತವೆ. 1960ರಲ್ಲಿ ರಾಜ್ಯ ಹುಟ್ಟಿದಾಗಿನಿಂದ ಇಲ್ಲಿ ಮದ್ಯಪಾನ ನಿಷೇಧವಿದೆ. ಗುಟ್ಕಾ ನಿಷೇಧವಾದದ್ದು 2012ರಲ್ಲಿ. ಮಾರುವುದಕ್ಕೆ ಏನೂ ಇಲ್ಲದ ಟೆಲಿವಿಷನ್ ಎಂಬ ಕನಸನ್ನು ಭಾರತ ಒಮ್ಮೆ ಕಂಡದ್ದೂ ಇದೇ ಊರಿನಲ್ಲಿ.

ಅಮೆರಿಕದ ವ್ಯವಸ್ಥೆಯನ್ನು ಮೊದಲು ನೋಡೋಣ. ಡಾಕ್ಟರ ಚೀಟಿ ಬೇಕಾದ ಔಷಧವನ್ನು ಟಿವಿಯಲ್ಲಿ ನೇರವಾಗಿ ಜನರಿಗೇ ಹೀಗೆ ಪ್ರಚಾರ ಮಾಡಲು ಬಿಡುವ ದೇಶಗಳು ಎರಡೇ, ಅಮೆರಿಕ ಮತ್ತು ನ್ಯೂಜಿಲೆಂಡ್. ಅಮೆರಿಕದಲ್ಲೂ 1997ರವರೆಗೆ ಅದು ಹೆಚ್ಚುಕಡಿಮೆ ಅಸಾಧ್ಯವಾಗಿತ್ತು. ಔಷಧದ ಗುಣ ಹೇಳಿದರೆ ದೋಷಗಳ ಉದ್ದ ಪಟ್ಟಿಯನ್ನೂ ಹೇಳಬೇಕೆಂಬ ನಿಯಮವಿತ್ತು. ಅರವತ್ತು ಸೆಕೆಂಡಿನಲ್ಲಿ ಅದು ಹಿಡಿಸುತ್ತಿರಲಿಲ್ಲ. ಮುಖ್ಯ ಅಪಾಯಗಳನ್ನಷ್ಟೇ ದನಿಯಲ್ಲಿ ಹೇಳಿ, ಉಳಿದದ್ದಕ್ಕೆ ಫೋನ್ ನಂಬರು, ವೆಬ್‌ಸೈಟು ಕೊಟ್ಟರೆ ಸಾಕು ಎಂದು ಅಲ್ಲಿನ ಔಷಧ ನಿಯಂತ್ರಕ ಸಂಸ್ಥೆ ಎಫ್‌ಡಿಎ 1997ರಲ್ಲಿ ಹೇಳಿತು. ಅಲ್ಲಿಂದ ಕೆರೆ, ನಾಯಿ, ಮೊಮ್ಮಗಳು ಎಲ್ಲ ಬಂದರು. ಸಾವಿನ ಮಾತು ಬರುವ ಹೊತ್ತಿಗೆ ಸರಿಯಾಗಿ ನಾಯಿ ನೀರಿಗೆ ಹಾರುತ್ತದೆ. ನಮ್ಮ ಕಣ್ಣು ನಾಯಿಯ ಹಿಂದೆ ಹೋಗುತ್ತದೆ, ಕಿವಿ ಕಣ್ಣಿನ ಹಿಂದೆ ಹೋಗುತ್ತದೆ.

ಇದಕ್ಕೆ ನಮ್ಮಲ್ಲಿ ಹಳೆಯ ಹೆಸರಿದೆ. ದ್ರೋಣನ ಕೈಯಿಂದ ಆಯುಧ ಕೆಳಗಿಡಿಸಬೇಕಿತ್ತು. ಅಶ್ವತ್ಥಾಮ ಸತ್ತ ಎಂದು ಧರ್ಮರಾಯ ಗಟ್ಟಿಯಾಗಿ ಹೇಳಿದ. ಸತ್ತದ್ದು ಆನೆ ಎಂಬುದನ್ನು ಮೆಲ್ಲಗೆ ಸೇರಿಸಿದ. ಆ ಹೊತ್ತಿಗೆ ಶಂಖದ ಸದ್ದು ಕೇಳಿತು ಎಂದು ನಮ್ಮ ಕಡೆ ಕಥೆ ಹೇಳುವವರು ಸೇರಿಸುತ್ತಾರೆ. ಲೆಕ್ಕಕ್ಕೆ ನೋಡಿದರೆ ಅವನು ಹೇಳಿದ್ದರಲ್ಲಿ ಸುಳ್ಳಿಲ್ಲ. ಆದರೂ ಅಲ್ಲಿಯವರೆಗೆ ನೆಲಕ್ಕಿಂತ ನಾಲ್ಕು ಬೆರಳು ಮೇಲೆ ಓಡುತ್ತಿದ್ದ ಅವನ ರಥ ಅಂದು ನೆಲ ಮುಟ್ಟಿತು. ತಾಳಮದ್ದಳೆಯ ಅರ್ಥಧಾರಿಗಳು ಇದನ್ನು ಹಿಡಿದು ಬೆಳಗಿನವರೆಗೆ ವಾದ ಮಾಡಬಲ್ಲರು. ಅವರ ವಾದದ ತಿರುಳು ಒಂದೇ: ನಿಜ ಹೇಳುವುದು ಎಂದರೆ ಬಾಯಿಂದ ಶಬ್ದ ಹೊರಡಿಸುವುದಲ್ಲ, ಎದುರಿನವನಿಗೆ ಮುಟ್ಟಿಸುವುದು. ಅಮೆರಿಕದ ಔಷಧದ ಜಾಹೀರಾತಿನಲ್ಲಿ ಆ ನಾಯಿಯೇ ಶಂಖ.

ಆದರೆ ಈ ಕಥೆಗೆ ಮುಂದಿನ ಅಧ್ಯಾಯವೊಂದಿದೆ. ಎಫ್‌ಡಿಎ 2023ರ ನವೆಂಬರಿನಲ್ಲಿ ಹೊಸ ನಿಯಮ ತಂದಿತು. ಅಪಾಯದ ಮಾತನ್ನು ಜನಸಾಮಾನ್ಯರಿಗೆ ಅರ್ಥವಾಗುವ ಭಾಷೆಯಲ್ಲಿ ಹೇಳಬೇಕು. ಆ ಮಾತಿನ ವೇಗ, ದನಿ ಉಳಿದ ಭಾಗದಷ್ಟೇ ಸ್ಪಷ್ಟವಾಗಿರಬೇಕು. ಅದೇ ಮಾತು ಅದೇ ಹೊತ್ತಿಗೆ ಅಕ್ಷರದಲ್ಲೂ ಕಾಣಬೇಕು. ಆಗ ಗಮನ ಬೇರೆಡೆ ಸೆಳೆಯುವ ಚಿತ್ರವಾಗಲಿ ಸದ್ದಾಗಲಿ ಇರಬಾರದು. ಅಂದರೆ ಒಂದು ದೇಶದ ಸರ್ಕಾರ ಕೂತು ನಾಯಿ ಯಾವಾಗ ನೀರಿಗೆ ಹಾರಬಾರದು ಎಂದು ಬರೆದಿದೆ. ಇದರಿಂದ ಎಲ್ಲ ಸರಿಹೋಯಿತು ಎಂದಲ್ಲ. ಶಂಖದ ಸದ್ದಿನ ಬಗ್ಗೆ ದೂರು ಕೊಡಬಹುದು, ದೂರು ಕೊಟ್ಟರೆ ಸದ್ದನ್ನು ತಗ್ಗಿಸಬಹುದು ಎಂಬುದಷ್ಟೇ ನನಗೆ ಮುಖ್ಯ.

ಈಗ ನಮ್ಮ ಏಲಕ್ಕಿಗೆ ಬರೋಣ. ಡಾಕ್ಟರ ಚೀಟಿಯ ಔಷಧವನ್ನು ಹೀಗೆ ಟಿವಿಯಲ್ಲಿ ಸಾರಲು ನಮ್ಮಲ್ಲಿ ಬಿಡುವುದಿಲ್ಲ. ವಾಸಿ ಮಾಡುತ್ತೇವೆಂದು ಡಂಗುರ ಹೊಡೆಯಬಾರದ ಕಾಯಿಲೆಗಳ ಪಟ್ಟಿಯೇ 1954ರ ಒಂದು ಕಾನೂನಿನಲ್ಲಿದೆ. ಮದ್ಯ, ಸಿಗರೇಟು, ತಂಬಾಕುಗಳ ಉತ್ಪಾದನೆ, ಮಾರಾಟ, ಬಳಕೆಯನ್ನು ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ ಉತ್ತೇಜಿಸುವ ಜಾಹೀರಾತು ಕೂಡದು ಎಂದು ಕೇಬಲ್ ಟಿವಿ ನಿಯಮಗಳು ಹೇಳುತ್ತವೆ. ತಂಬಾಕಿಗೆ 2003ರ ಪ್ರತ್ಯೇಕ ಕಾನೂನೂ ಇದೆ. ಕಾಗದದ ಮೇಲೆ ನಾವು ಅಮೆರಿಕಕ್ಕಿಂತ ಎಷ್ಟೋ ಕಟ್ಟುನಿಟ್ಟು. ಆದರೆ ಆ ಕಾಗದದ ಅಂಚಿನಿಂದಲೇ ಸೋಡಾ, ಗಾಜಿನ ಲೋಟ, ಹಾಡಿನ ಸಿ.ಡಿ., ಏಲಕ್ಕಿ ಎಲ್ಲ ಮೊಳೆತವು. ಮದ್ಯದ ಹೆಸರನ್ನೇ ಹೊತ್ತ ಸೋಡಾ ಕ್ರಿಕೆಟ್ ಮ್ಯಾಚಿನ ನಡುವೆ ಬರುತ್ತದೆ. ಸೋಡಾ ಕುಡಿದವರು ಆ ಪರಿ ಕುಣಿಯುವುದನ್ನು ನೀವು ಎಲ್ಲಾದರೂ ನೋಡಿದ್ದೀರಾ?

ಗುಜರಾತಿನಲ್ಲಿ ಇದಕ್ಕೆ ಇನ್ನೊಂದು ಪದರವಿದೆ. ಬೆಂಗಳೂರಿನ ಮನೆಯಲ್ಲಿ ಆ ಸೋಡಾ ಮೂಲೆಯ ವೈನ್‌ಶಾಪಿನಲ್ಲಿ ಸಿಗುವ ಬಾಟಲಿಯನ್ನು ನೆನಪಿಸುತ್ತದೆ. ಇಲ್ಲಿ ಅದು ಕಾನೂನಿನ ಪ್ರಕಾರ ಸಾಮಾನ್ಯ ಮನುಷ್ಯ ಪರ್ಮಿಟ್ ಇಲ್ಲದೆ ಮುಟ್ಟುವಂತೆಯೇ ಇಲ್ಲದ ವಸ್ತುವನ್ನು ನೆನಪಿಸುತ್ತದೆ. 2023ರ ಡಿಸೆಂಬರಿನಲ್ಲಿ ಗಾಂಧಿನಗರದ ಗಿಫ್ಟ್ ಸಿಟಿಯೊಳಗೆ ಮಾತ್ರ ಒಂದಿಷ್ಟು ಸಡಿಲಿಕೆ ಕೊಟ್ಟರು; ಉಳಿದ ಗುಜರಾತು ಇದ್ದ ಹಾಗೇ ಇದೆ. ಸೂರತ್ತಿನಲ್ಲಿರುವ ನನ್ನ ಸಹೋದ್ಯೋಗಿಯೊಬ್ಬರನ್ನು, ಇಲ್ಲಿ ಯಾರಿಗಾಗಿ ಈ ಜಾಹೀರಾತು ಎಂದು ಕೇಳಿದರೆ ಅವರು ಉತ್ತರ ಹೇಳಲಿಲ್ಲ, ಒಂದು ಕಣ್ಣು ಮಿಟುಕಿಸಿದರು. ಆ ಮಿಟುಕಿಗೆ ನಿಘಂಟು ಬೇಕಿಲ್ಲ.

ಇಲ್ಲಿ ಒಂದು ಬಲವಾದ ವಾದವಿದೆ. ಸುಳ್ಳು ಎನ್ನಬೇಕಾದರೆ ಮೋಸಹೋಗುವವನೊಬ್ಬ ಬೇಕು. ಏಲಕ್ಕಿಯ ಜಾಹೀರಾತಿನಿಂದ ಯಾರು ಮೋಸಹೋದರು? ಕಂಪನಿಗೆ ಗೊತ್ತು, ನಟನಿಗೆ ಗೊತ್ತು, ಚಾನೆಲ್ಲಿಗೆ ಗೊತ್ತು, ನಮಗೆ ಗೊತ್ತು. ಯಕ್ಷಗಾನದಲ್ಲಿ ವೇಷ ಕಟ್ಟಿದವನು ತಾನು ಭೀಮ ಎಂದರೆ ಅವನನ್ನು ಸುಳ್ಳುಗಾರ ಎನ್ನುತ್ತೇವೆಯೇ? ಇದೂ ಒಂದು ಆಟ ಎಂದುಕೊಂಡರಾಯಿತು.

ನನಗೆ ಈ ವಾದ ಒಪ್ಪಿಗೆಯಾಗುವುದಿಲ್ಲ. ವೇಷಧಾರಿಯನ್ನು ಚೌಕಿಯಲ್ಲಿ ಹಿಡಿದು ನೀನು ಯಾರು ಎಂದು ಕೇಳಿದರೆ ತನ್ನ ಮನೆ ಹೆಸರು ಹೇಳುತ್ತಾನೆ, ಅದರಿಂದ ಆಟ ಕೆಡುವುದಿಲ್ಲ. ಏಲಕ್ಕಿಯ ಡಬ್ಬಿ ಹಿಡಿದವರನ್ನು ಅಧಿಕಾರಿಯೊಬ್ಬರು ಇದೇನು ಎಂದು ಕೇಳಿದರೆ, ನಾವು ಮಾರುವುದು ಏಲಕ್ಕಿಯನ್ನೇ ಎಂದು ಗಂಭೀರವಾಗಿ ಹೇಳಲೇಬೇಕು. ಎಲ್ಲರಿಗೂ ಗೊತ್ತಿರುವುದನ್ನು ಗಟ್ಟಿಯಾಗಿ ಹೇಳಿದ ಕ್ಷಣ ಅದು ಅಪರಾಧವಾಗುತ್ತದೆ. ಆಟಕ್ಕೂ ಸೋಗಿಗೂ ಇರುವ ವ್ಯತ್ಯಾಸ ಇದೇ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುತ್ತದೆ ಎಂಬ ಗಾದೆಯಲ್ಲಿ ಕಣ್ಣು ಮುಚ್ಚುವುದು ಬೆಕ್ಕು ಮಾತ್ರ. ಇಲ್ಲಿ ಬೆಕ್ಕಿನ ಜೊತೆ ಮನೆಯವರೂ ಕಣ್ಣು ಮುಚ್ಚಿದ್ದಾರೆ.

ಅದಕ್ಕೇ ನನ್ನ ಮಟ್ಟಿಗೆ ಎರಡನೆಯದೇ ಹೆಚ್ಚು ಕೆಟ್ಟದ್ದು. ಮೊದಲನೆಯದರಲ್ಲಿ ಮೋಸಹೋದವನೊಬ್ಬ ಇದ್ದಾನೆ, ಅವನು ಒಂದಲ್ಲ ಒಂದು ದಿನ ದೂರು ಕೊಡಬಲ್ಲ. ಎರಡನೆಯದರಲ್ಲಿ ಎಲ್ಲರೂ ಪಾಲುಗಾರರು. ದೂರು ಕೊಡುವವರೇ ಉಳಿದಿಲ್ಲ. ಪಕ್ಕದಲ್ಲಿ ಕೂತ ಮಗುವೂ ಅಲ್ಲಿಂದ ಒಂದು ಪಾಠ ಕಲಿಯುತ್ತದೆ. ಅದು ಕಲಿಯುವುದು ಗುಟ್ಕಾ ತಿನ್ನುವುದನ್ನಲ್ಲದೆ ಇರಬಹುದು. ನಿಯಮ ಎಂಬುದು ಬಾಯಿಂದ ಹೇಳುವುದಕ್ಕೆ, ಬದುಕು ಕಣ್ಸನ್ನೆಯಿಂದ ನಡೆಯುವುದಕ್ಕೆ ಎಂಬುದನ್ನು ಅದು ಕಲಿಯುತ್ತದೆ. ಮುಂದೆ ಅದೇ ಮಗು ಹೆಲ್ಮೆಟ್ಟಿಗೂ, ತೆರಿಗೆಗೂ, ಆಫೀಸಿನ ಲೆಕ್ಕಪತ್ರಕ್ಕೂ ಅದೇ ಸನ್ನೆಯನ್ನು ಬಳಸಿದರೆ ಆಶ್ಚರ್ಯವೇನು?

ಇದು ಭಾರತೀಯರ ಹುಟ್ಟುಗುಣ ಎಂದು ಯಾರೂ ತಿಳಿಯಬಾರದು. ಅಮೆರಿಕದ ಟಿವಿಯಲ್ಲಿ ಸಿಗರೇಟಿನ ಜಾಹೀರಾತು 1971ರ ಜನವರಿ 1ರ ಮಧ್ಯರಾತ್ರಿಗೆ ನಿಂತಿತು. ಅದೇ ವರ್ಷ ಅಲ್ಲಿನ ಅತಿ ದೊಡ್ಡ ಕಾರ್ ರೇಸಿನ ಟ್ರೋಫಿಗೆ ಒಂದು ಸಿಗರೇಟಿನ ಹೆಸರು ಬಂತು. ವಿನ್‌ಸ್ಟನ್ ಕಪ್ ಎಂಬ ಆ ಹೆಸರು 2003ರವರೆಗೂ ಉಳಿಯಿತು. ಜಾಹೀರಾತು ಕೊಡಲಾಗದ ಟಿವಿಯಲ್ಲೇ ರೇಸಿನ ಜೊತೆ ಅದು ಮನೆಮನೆಗೆ ಹೋಯಿತು. ಅರ್ಧ ಮುಚ್ಚಿದ ಬಾಗಿಲಿನ ಸಂದಿಯಿಂದ ನುಸುಳುವ ಬುದ್ಧಿ ಎಲ್ಲ ವ್ಯಾಪಾರಕ್ಕೂ ಇದೆ. ಆದರೆ ಅಲ್ಲಿ 46 ರಾಜ್ಯಗಳ ಅಟಾರ್ನಿ ಜನರಲ್‌ಗಳು ತಂಬಾಕು ಕಂಪನಿಗಳ ಜೊತೆ 1998ರಲ್ಲಿ ಒಪ್ಪಂದಕ್ಕೆ ಬಂದಾಗ ಇಂಥ ಪ್ರಾಯೋಜನೆಗಳಿಗೂ ಕಡಿವಾಣ ಬಿತ್ತು, ಕಂಪನಿಗಳ ಒಳಗಿನ ಕಾಗದಗಳೂ ಜನರ ಕೈಗೆ ಬಂದವು. ಅಲ್ಲಿಯೂ ಕೆಲಸ ಮಾಡಿದ್ದು ಬರೀ ನಿಷೇಧವಲ್ಲ, ದೂರು.

ದೂರು ಕೊಡುವ ನೋಡುಗ ಎಂದಾಗ ನನಗೆ ನೆನಪಾಗುವುದು ಅಹಮದಾಬಾದಿನಿಂದ ಸುಮಾರು ಐವತ್ತು ಕಿಲೋಮೀಟರ್ ದೂರದ ಪೀಜ್ ಎಂಬ ಹಳ್ಳಿ. ಅಹಮದಾಬಾದಿನವರೇ ಆದ ವಿಕ್ರಮ್ ಸಾರಾಭಾಯಿ ಉಪಗ್ರಹದ ಮೂಲಕ ಹಳ್ಳಿಗಳಿಗೆ ಟಿವಿ ಮುಟ್ಟಿಸಬೇಕೆಂದು ಯೋಜನೆ ಹಾಕಿ, ಅದನ್ನು ನೋಡದೆಯೇ 1971ರಲ್ಲಿ ತೀರಿಕೊಂಡರು. ಉಡುಪಿಯ ಅದಮಾರಿನಿಂದ ಬಂದ ಯು.ಆರ್. ರಾವ್ ಇದೇ ಊರಿನಲ್ಲಿ ಸಾರಾಭಾಯಿಯವರ ಬಳಿ ಪಿಎಚ್‌.ಡಿ. ಮಾಡಿದವರು. ನಾಸಾದಿಂದ ಒಂದು ವರ್ಷಕ್ಕೆ ಎರವಲು ಪಡೆದ ಎಟಿಎಸ್-6 ಉಪಗ್ರಹದ ಮೂಲಕ 1975ರ ಆಗಸ್ಟ್ 1ರಿಂದ ಆರು ರಾಜ್ಯಗಳ 2,400 ಹಳ್ಳಿಗಳಿಗೆ ಕಾರ್ಯಕ್ರಮಗಳು ಹೋದವು. ಅದೇ ಸೈಟ್ ಯೋಜನೆ. ನಮ್ಮ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳೂ ಅದರಲ್ಲಿದ್ದವು, ಕಾರ್ಯಕ್ರಮಗಳು ಕನ್ನಡದಲ್ಲೂ ಇದ್ದವು. ಜಾಹೀರಾತಿನ ಮೇಲೆಯೇ ಬೆಳೆದ ಟಿವಿಯ ದೇಶ ಕಳಿಸಿದ ಉಪಗ್ರಹದಲ್ಲಿ, ಏನನ್ನೂ ಮಾರದ ಟಿವಿ ಬಂತು.

ಅದನ್ನು ಸುವರ್ಣಯುಗ ಎಂದು ಹಾಡಲು ನಾನು ಸಿದ್ಧನಿಲ್ಲ. ಆ ವರ್ಷವಿಡೀ ದೇಶದಲ್ಲಿ ತುರ್ತುಪರಿಸ್ಥಿತಿ ಇತ್ತು. ಸರ್ಕಾರ ತಾನು ಹೇಳಬೇಕೆಂದಿದ್ದನ್ನು ಹೇಳಿತು. ಎದುರು ಮಾತಾಡುವ ಹಕ್ಕು ಹಳ್ಳಿಯವನಿಗಿರಲಿ, ಪಾರ್ಲಿಮೆಂಟಿನವರಿಗೂ ಇರಲಿಲ್ಲ. ಸರಕು ಮಾರದವರೆಲ್ಲ ನಿಜ ಹೇಳುತ್ತಾರೆ ಎಂದೇನೂ ಇಲ್ಲ. ಆದರೆ ಅದೇ ಸಮಯದಲ್ಲಿ ಶುರುವಾದ ಪೀಜ್ ಪ್ರಸಾರದಲ್ಲಿ ಬೇರೆ ಏನೋ ಇತ್ತು. ಖೇಡಾ ಜಿಲ್ಲೆಯ ನಾನೂರಕ್ಕೂ ಹೆಚ್ಚು ಹಳ್ಳಿಗಳಲ್ಲಿ, ಹಾಲಿನ ಸಹಕಾರ ಸಂಘಗಳ ಕಟ್ಟಡಗಳಲ್ಲಿ ಟಿವಿ ಪೆಟ್ಟಿಗೆ ಇಟ್ಟರು. ಅಹಮದಾಬಾದಿನ ಬಾಹ್ಯಾಕಾಶ ಕೇಂದ್ರದವರು ಹಳ್ಳಿಗಳಲ್ಲಿ ಓಡಾಡಿ, ಅಲ್ಲಿನವರನ್ನೇ ಸೇರಿಸಿಕೊಂಡು, ಅವರ ಆಡುನುಡಿಯಲ್ಲೇ ಕಾರ್ಯಕ್ರಮ ಮಾಡಿದರು. ಕನಿಷ್ಠ ಕೂಲಿ, ಜಾತಿಯ ಮೇಲುಕೀಳು, ಕುಡಿತ ಎಲ್ಲ ಬಂದವು. ತೋರಿಸಿದ ಮೇಲೆ ಹೋಗಿ, ಹೇಗಿತ್ತು, ನಿಮಗೆ ಏನನ್ನಿಸಿತು ಎಂದು ಕೇಳಿದರು. 1984ರಲ್ಲಿ ಇದಕ್ಕೆ ಯುನೆಸ್ಕೋದ ಪ್ರಶಸ್ತಿ ಬಂತು. 1985ರಲ್ಲಿ ಪೀಜ್‌ನ ಪ್ರಸಾರ ಯಂತ್ರವನ್ನು ಕಿತ್ತು, ಎರಡನೇ ಚಾನೆಲ್ಲಿಗಾಗಿ ಮದ್ರಾಸಿಗೆ ಒಯ್ದರು. ಹಳ್ಳಿಯವರು ಪ್ರತಿಭಟಿಸಿದರು. ಹತ್ತು ವರ್ಷ ಅವರ ಮಾತು ಕೇಳಿದ್ದ ಟಿವಿಗೆ ಆ ಮಾತು ಮಾತ್ರ ಕೇಳಿಸಲಿಲ್ಲ.

ಅಷ್ಟರಲ್ಲಿ ದೂರದರ್ಶನದ ದಾರಿ ಬದಲಾಗಿತ್ತು. 1976ರ ಜನವರಿ 1ರಿಂದ ಜಾಹೀರಾತು ಬಂದಿತ್ತು. 1984ರ ಜುಲೈನಲ್ಲಿ ಶುರುವಾದ ‘ಹಮ್ ಲೋಗ್’ ಕುಟುಂಬ ಯೋಜನೆಯ ಪಾಠ ಹೇಳಲು ಹೊರಟು, ಪ್ರಾಯೋಜಕರ ನೂಡಲ್ಸನ್ನು ಮನೆಮಾತು ಮಾಡಿತು. ನಮ್ಮ ತಲೆಮಾರಿನವರು ಶಿರಸಿ, ಹಾಸನ, ಹುಬ್ಬಳ್ಳಿಗಳಲ್ಲಿ ಕೂತು ಗುಜರಾತಿನ ಹೆಸರು ಕೇಳುವ ಮೊದಲೇ ಗುಜರಾತಿನ ಸರಕುಗಳ ಹಾಡುಗಳನ್ನು ಬಾಯಿಪಾಠ ಮಾಡಿದ್ದೆವು. ನಿರ್ಮಾ ಅಹಮದಾಬಾದಿನದು, ರಸ್ನಾ ಅಹಮದಾಬಾದಿನದು, ವಿಮಲ್ ಬಟ್ಟೆ ನರೋಡಾದ್ದು, ಗಾರ್ಡನ್ ಸೀರೆ ಸೂರತ್ತಿನದು, ಅಮೂಲ್ ಆಣಂದದ್ದು. ಇವುಗಳನ್ನು ನೆನೆದರೆ ನನಗೆ ಕೋಪ ಬರುವುದಿಲ್ಲ. ಸೋಪಿನ ಪುಡಿ ತಾನು ಸೋಪಿನ ಪುಡಿ ಎಂದೇ ಹೇಳಿಕೊಂಡು ಬರುತ್ತಿತ್ತು. ಹೊಗಳಿಕೆ ಅತಿಯಾಗಿರಬಹುದು, ಆದರೆ ಮುಖವಾಡ ಇರಲಿಲ್ಲ. ಬೇಡವೆಂದರೆ ಬೇಡ ಎನ್ನಬಹುದಿತ್ತು.

ಜಾಹೀರಾತಿನ ಕಲೆಯೇ ಕೆಟ್ಟದ್ದಲ್ಲ ಎಂಬುದಕ್ಕೆ ಎರಡೂ ದೇಶಗಳಲ್ಲಿ ಸಾಕ್ಷಿಯಿದೆ. ಮಕ್ಕಳು ಬಿಯರ್ ಜಾಹೀರಾತಿನ ಹಾಡುಗಳನ್ನು ಸಲೀಸಾಗಿ ಕಲಿಯುವುದನ್ನು ಕಂಡ ಜೋನ್ ಗ್ಯಾನ್ಸ್ ಕೂನಿ, ಅದೇ ತಂತ್ರದಿಂದ ಅಕ್ಷರ ಕಲಿಸಬಹುದಲ್ಲ ಎಂದುಕೊಂಡರು. 1969ರಲ್ಲಿ ‘ಸೆಸಮಿ ಸ್ಟ್ರೀಟ್’ ಶುರುವಾಯಿತು. ಇಂದಿನ ಪ್ರಾಯೋಜಕರು ಇಂಥ ಅಕ್ಷರ, ಇಂಥ ಅಂಕಿ ಎಂದು ಅದರಲ್ಲಿ ಹೇಳುತ್ತಿದ್ದರು. ಆ ಕಾರ್ಯಕ್ರಮದ ಸಂಸ್ಥೆಯಲ್ಲಿ ಕೆಲಕಾಲ ಕೆಲಸ ಮಾಡಿ ಬಂದ ಶ್ಯಾಮ್ ಬೆನೆಗಲ್, ಮೊದಲು ಜಾಹೀರಾತು ಚಿತ್ರಗಳನ್ನೇ ಮಾಡುತ್ತಿದ್ದವರು. 1976ರಲ್ಲಿ ಅವರ ‘ಮಂಥನ್’ ಬಂತು. ಗುಜರಾತಿನ ಐದು ಲಕ್ಷ ಹಾಲು ಉತ್ಪಾದಕರು ತಲಾ ಎರಡು ರೂಪಾಯಿ ಹಾಕಿ ಮಾಡಿಸಿದ ಸಿನಿಮಾ ಅದು. ಪಶುವೈದ್ಯ ರಾವ್ ಆಗಿ ನಮ್ಮ ಗಿರೀಶ್ ಕಾರ್ನಾಡರಿದ್ದರು. ಅದರ ಹಾಡು ಮುಂದೆ ಅಮೂಲ್‌ನ ಟಿವಿ ಜಾಹೀರಾತೂ ಆಯಿತು. ಹಣ ಕೊಟ್ಟವರು ಯಾರು, ಏನು ಹೇಳುತ್ತಿದ್ದಾರೆ ಎಂಬುದು ಅಲ್ಲಿ ಮೊದಲ ಅಕ್ಷರದಿಂದಲೇ ಗೊತ್ತಿತ್ತು. ಮನವೊಲಿಸುವುದು ತಪ್ಪಲ್ಲ. ಯಾರು, ಯಾವುದಕ್ಕೆ ಮನವೊಲಿಸುತ್ತಿದ್ದೇವೆ ಎಂದು ಹೇಳಿಕೊಳ್ಳಲಾಗದ ಸ್ಥಿತಿಯೇ ತಪ್ಪು.

ನನ್ನ ಮಾತಿಗೆ ಎದುರಾಗಿ ಒಂದು ಪ್ರಶ್ನೆ ನ್ಯಾಯವಾಗಿಯೇ ಬರುತ್ತದೆ. ಅರೆಬರೆ ನಿಷೇಧವಾದರೂ ಏನೂ ಇಲ್ಲದ್ದಕ್ಕಿಂತ ವಾಸಿಯಲ್ಲವೇ? ನಾಳೆ ಮದ್ಯವೇ ನೇರವಾಗಿ ಪರದೆಗೆ ಬಂದರೆ ಹಾನಿ ಹೆಚ್ಚಲ್ಲವೇ? ಹೌದು, ಹೆಚ್ಚು. ಬಾಗಿಲು ಪೂರ್ತಿ ತೆರೆಯಿರಿ ಎಂದು ನಾನು ಕೇಳುತ್ತಿಲ್ಲ, ಮುಚ್ಚುವುದಾದರೆ ಮುಚ್ಚಿ ಎನ್ನುತ್ತಿದ್ದೇನೆ. ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜೂನ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಗಳಲ್ಲಿ ಸರೊಗೇಟ್ ಜಾಹೀರಾತು ಎಂದರೇನು ಎಂದು ಬಿಡಿಸಿ ಹೇಳಿ, ಅದು ಕೂಡದು ಎಂದು ಬರೆದಿದೆ. ಮಾತುಗಳಿಗೆ ಕೊರತೆಯಿಲ್ಲ. ಕೊರತೆ ಇರುವುದು ಪೀಜ್‌ನ ಜಗಲಿಯಲ್ಲಿ ಕೂತಿದ್ದಂಥ ನೋಡುಗನಿಗೆ. ನಮ್ಮ ಅಪಾರ್ಟ್‌ಮೆಂಟುಗಳ ಸೋಫಾಗಳಲ್ಲಿ ಕೂತು ಆ ಜಾಹೀರಾತಿಗೆ ಜೋಕು ಮಾಡುವ ನಾವು ಯಾರೂ ದೂರು ಬರೆದವರಲ್ಲ. ಜೋಕು ಎಂಬುದೂ ಒಂದು ಬಗೆಯ ಕಣ್ಸನ್ನೆಯೇ.

ಸುಮ್ಮನಿರುವುದಕ್ಕೆ ನಮ್ಮಲ್ಲಿ ಕೆಲವರಿಗೆ ಇನ್ನೊಂದು ಕಾರಣವೂ ಇದೆ, ಅದನ್ನು ಮುಚ್ಚಿಟ್ಟು ಈ ಲೇಖನ ಮುಗಿಸಿದರೆ ನಾನೂ ಏಲಕ್ಕಿ ಡಬ್ಬಿಯೇ ಆಗುತ್ತೇನೆ. ನಮ್ಮದು ಶಿರಸಿ ಕಡೆಯ ಅಡಿಕೆ ತೋಟದ ಮನೆ. ನಮ್ಮ ಚಾಲಿ ಅಡಿಕೆಗೆ ಗುಜರಾತು ಹಳೆಯ ಗಿರಾಕಿ. ಇಲ್ಲಿನ ಪಾನ್ ಗಲ್ಲಾಗಳಲ್ಲಿ ಅಡಿಕೆಯನ್ನು ತೆಳ್ಳಗೆ ಕತ್ತರಿಸಿ, ತಂಬಾಕು ಸುಣ್ಣ ಸೇರಿಸಿ, ಪ್ಲಾಸ್ಟಿಕ್ ಹಾಳೆಯಲ್ಲಿ ಉಜ್ಜಿ ‘ಮಾವಾ’ ಮಾಡಿ ಕೊಡುತ್ತಾರೆ. ಕೆಂಪಡಿಕೆ ಉತ್ತರದ ಪಾನ್ ಮಸಾಲಾ ಕಾರ್ಖಾನೆಗಳಿಗೆ ಹೋಗುತ್ತದೆ. ಅಡಿಕೆ ಜಗಿಯುವುದನ್ನು ಡಬ್ಲ್ಯುಎಚ್‌ಒದ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಊರಿಗೆ ಫೋನ್ ಮಾಡಿದರೆ ಅಪ್ಪ ಮೊದಲು ಹೇಳುವುದು ಮಳೆಯ ಸುದ್ದಿ, ಎರಡನೆಯದು ಧಾರಣೆ. ಆ ಸಿನಿಮಾ ನಟನ ನಗುವಿನ ಒಂದು ಎಳೆ ಆ ಧಾರಣೆಯವರೆಗೂ ಬಂದು ಮುಟ್ಟುತ್ತದೆ, ನನ್ನ ಎಂ.ಟೆಕ್ ಓದಿನ ಖರ್ಚಿನವರೆಗೂ ಬಂದಿತ್ತು.

ಹಾಗಾದರೆ ಆ ಜಾಹೀರಾತು ನಿಂತು, ಅದರಿಂದ ಧಾರಣೆ ಇಳಿದರೂ ನಾನು ಇದೇ ಮಾತು ಹೇಳುತ್ತೇನೆಯೇ? ಹೇಳಬೇಕಾಗುತ್ತದೆ. ಬೆಳೆಗಾರನ ಬದುಕಿಗೆ ದಾರಿ ಬೇಕು, ಅದು ಸರ್ಕಾರ, ಸಹಕಾರ ಸಂಘ, ಮನೆ ಮಕ್ಕಳು ಎಲ್ಲ ಸೇರಿ ಹುಡುಕಬೇಕಾದ ದಾರಿ. ಆ ಚರ್ಚೆ ಗಟ್ಟಿಯಾಗಿ ನಡೆಯಲಿ, ಜಗಳವೇ ಆಗಲಿ. ಆದರೆ ಒಬ್ಬ ರೈತನ ಅನ್ನ ಎಲ್ಲರಿಗೂ ಗೊತ್ತಿರುವ ಒಂದು ಸುಳ್ಳಿನ ಮೇಲೆ ನಿಂತಿರಬೇಕು ಎಂದರೆ ಅದು ಆ ರೈತನಿಗೂ ಅವಮಾನವೇ. ಧರ್ಮರಾಯನ ರಥ ನೆಲಕ್ಕೆ ತಾಗಿದ ಮೇಲೂ ಯುದ್ಧ ನಡೆಯಿತು, ಅವನ ಕಡೆಯವರು ಗೆದ್ದರು. ಆದರೂ ಆ ನಾಲ್ಕು ಬೆರಳಿನ ಲೆಕ್ಕವನ್ನು ನಮ್ಮವರು ಇಂದಿಗೂ ಮರೆತಿಲ್ಲ.